ಬರಲಿರುವ ಆಟದ ಹಾದಿ ನೋಡುತ್ತ

ಬೆಳಗಾವಿಯಿಂದ ಗೋಕಾಕದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಅಂಕಲಗಿ ಸಿಗುತ್ತದೆ. ಅಲ್ಲಿಂದ ಘಟಪ್ರಭೆಯನ್ನು ದಾಟಿ ಮೂಡಲಗಿಯವರೆಗೆ ಹಬ್ಬಿರುವ ಸೀಮೆಯು ಶ್ರೀಕೃಷ್ಣ ಪಾರಿಜಾತದ ಸೀಮೆ. ಇಂದು ಮೂಡಲಗಿ ತಾಲ್ಲೂಕಿಗೆ ಸೇರಿರುವ ಕುಲಗೋಡದ ತಮ್ಮಣ್ಣನು 19ನೆಯ ಶತಮಾನದಲ್ಲಿ ಈ ಆಟಕ್ಕೆ ಜನ ಮೆಚ್ಚುವ ರೂಪವನ್ನು ಕೊಟ್ಟನು. ಅದೇ ಸೀಮೆಯ ಕೌಜಲಗಿಯ ನಿಂಗಮ್ಮ ಮುಂದೆ ಅದರಲ್ಲಿ ವೇಷ ಕಟ್ಟಿ ಮನೆಮಾತಾದಳು. ಆಟ ನಡೆಯುವುದು ಒಂದೇ ರಾತ್ರಿ. ಆದರೆ ಊರಿನ ಪಾಲಿಗೆ ಅದು ಆರಂಭವಾಗುತ್ತಿದ್ದುದು ಆ ರಾತ್ರಿಗಿಂತ ಎಷ್ಟೋ ದಿನ ಮುಂಚೆ. ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಮಾತು ಹುಟ್ಟಿಕೊಳ್ಳುತ್ತಿತ್ತು: ಈ ಸಲ ಸತ್ಯಭಾಮೆಯ ಪಾತ್ರ ಯಾರದು? ಭಾಗವತನಾಗಿ ಯಾರು ನಿಲ್ಲುತ್ತಾರೆ? ಕಳೆದ ವರ್ಷ ಕಂಠ ಒಡೆದವನು ಈ ವರ್ಷ ಹಾಡಬಲ್ಲನೆ?

ವಿಚಾರವೆಂದರೆ, ಕಥೆ ಯಾರಿಗೂ ಹೊಸತಲ್ಲ. ನಾರದನು ತಂದ ಸ್ವರ್ಗದ ಹೂವು ರುಕ್ಮಿಣಿಯ ಮುಡಿಗೆ ಸೇರುವುದೂ, ಸತ್ಯಭಾಮೆ ಮುನಿಸಿಕೊಳ್ಳುವುದೂ, ಕೃಷ್ಣನು ಇಂದ್ರನೊಡನೆ ಕಾದಾಡಿ ಮರವನ್ನೇ ಕಿತ್ತು ತರುವುದೂ ಹಾಲು ಕುಡಿಯುವ ಮಗುವನ್ನು ಬಿಟ್ಟರೆ ಉಳಿದೆಲ್ಲರಿಗೂ ಗೊತ್ತು. ಗೊತ್ತಿದ್ದೂ ಜನ ಕಾದರು. ಅಷ್ಟೇ ಅಲ್ಲ, ಗೊತ್ತಿದ್ದುದರಿಂದಲೇ ಒಟ್ಟಾಗಿ ಕಾದರು ಎನ್ನಬೇಕು.

ಆ ಸೀಮೆಯ ಮನೆತನಗಳು ಈಗ ಬೆಳಗಾವಿ, ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ಹರಡಿಕೊಂಡಿವೆ. ಅಲ್ಲಿನ ಹುಡುಗರೂ ಒಂದು ಆಟದ ಹಾದಿ ನೋಡುತ್ತಿದ್ದಾರೆ. ಆದರೆ ಅದು ಬಯಲಿನಲ್ಲಿ ಅಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಬರುವಂಥದು. ಹಿರಿಯರು ಇದನ್ನು ಕಂಡು ಮೂಗು ಮುರಿಯುವುದು ಸಹಜ. ಬಂದ ಆಟವನ್ನು ಆಡುವುದರಲ್ಲಿ ಹೊತ್ತು ಕಳೆಯುವುದನ್ನಾದರೂ ಅರ್ಥಮಾಡಿಕೊಳ್ಳಬಹುದು. ಇನ್ನೂ ಬಾರದ ಆಟಕ್ಕಾಗಿ ಹೊತ್ತು ಕಳೆಯುವುದೆಂದರೇನು? ಇಂಥ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳ ನಡುವೆ ಈ ಬಗೆಯ ಮಾತು ನಡೆದರೆ ಆಶ್ಚರ್ಯವಿಲ್ಲ:

“ಏನಪಾ, ಆ ನಿನ್ನ ಆಟಾ ಯಾವಾಗ ಬರತೈತಿ?”

“ಇನ್ನೂ ತಾರೀಖು ಹೇಳಿಲ್ಲ, ಆಯಿ.”

“ಹಂಗಾರ ಬರತೈತಿ ಅಂತ ಯಾರು ಹೇಳ್ಯಾರ?”

ಆಯಿಯ ಪ್ರಶ್ನೆ ಮೇಲುನೋಟಕ್ಕೆ ಮುಗ್ಧವಾದರೂ ವಿಷಯದ ಮರ್ಮವನ್ನೇ ಮುಟ್ಟಿದೆ. ಅದಕ್ಕೆ ಉತ್ತರ ಹೇಳಬೇಕಾದರೆ ಈ ಆಟದ ಜಾತಕವನ್ನು ತುಸು ನೋಡಬೇಕು.

ಈ ಬಗೆಯ ಆಟದಲ್ಲಿ ಆಡುವವನು ಒಂದು ವೇಷವನ್ನು ಧರಿಸುತ್ತಾನೆ. ಯೋಧನೋ, ಮಾಂತ್ರಿಕನೋ, ಕಳ್ಳನೋ ಆಗಿ ಮಾಯಾಲೋಕವೊಂದನ್ನು ಹೊಕ್ಕು, ಅಲ್ಲಿ ಯಾರನ್ನು ನಂಬಬೇಕು, ಯಾರನ್ನು ಎದುರಿಸಬೇಕು ಎಂಬುದನ್ನು ತಾನೇ ನಿರ್ಧರಿಸುತ್ತಾನೆ. ಇದರ ಮೂಲ ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಕಾಗದ, ಪೆನ್ಸಿಲು, ದಾಳಗಳು, ಸುತ್ತ ಕುಳಿತ ನಾಲ್ಕಾರು ಗೆಳೆಯರು, ಇಷ್ಟಿದ್ದರೆ ಸಾಕು. ಗೆಳೆಯರಲ್ಲಿ ಒಬ್ಬನು ವೇಷ ಧರಿಸದೆ ಕಥೆಯನ್ನು ನಡೆಸುತ್ತಾನೆ. ದಾರಿಯಲ್ಲಿ ಎದುರಾದ ರಾಕ್ಷಸನ ಮಾತನ್ನೂ, ಅಂಗಡಿಯ ಮುದುಕನ ಮಾತನ್ನೂ ಅವನೇ ಆಡುತ್ತಾನೆ. ಪಾರಿಜಾತವನ್ನು ಬಲ್ಲವರು ಇಷ್ಟು ಕೇಳಿದೊಡನೆ ‘ಇವನು ನಮ್ಮ ಭಾಗವತನೇ ಸರಿ’ ಎಂದಾರು. ಹಾಡಿ ಕಥೆ ನಡೆಸುವವನೂ, ಪಾತ್ರಗಳನ್ನು ಮಾತಿಗೆಳೆಯುವವನೂ, ನಡುವೆ ನಗಿಸುವವನೂ ಬಯಲಿನಲ್ಲಿ ಅವನೊಬ್ಬನೇ ಅಲ್ಲವೆ?

ಮುಂದೆ ಆ ಭಾಗವತನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಅಲ್ಲಿಂದಲೇ ಹಾದಿ ನೋಡುವ ಕಾಲವೂ ಉದ್ದವಾಯಿತು. ಬಾಯಿಂದ ಹೇಳುವವನು ಒಂದು ಕಾಡನ್ನು ಒಂದು ಮಾತಿನಲ್ಲಿ ಬೆಳೆಸಿಬಿಡುತ್ತಾನೆ. ಪರದೆಯ ಮೇಲಾದರೋ ಆ ಕಾಡಿನ ಒಂದೊಂದು ಮರವನ್ನೂ ಯಾರಾದರೂ ಚಿತ್ರಿಸಬೇಕು. ಆಡುವವನು ಎಡಕ್ಕೆ ಹೋದರೆ ಏನಾಗಬೇಕು, ಬಲಕ್ಕೆ ಹೋದರೆ ಏನಾಗಬೇಕು, ಹೋಗದೆ ನಿಂತರೆ ಏನಾಗಬೇಕು ಎಂದು ಎಲ್ಲವನ್ನೂ ಮೊದಲೇ ಬರೆದಿಡಬೇಕು. ನೂರಾರು ಜನರ ಹಲವು ವರ್ಷಗಳ ದುಡಿಮೆ ಅದು. ಆ ವರ್ಷಗಳ ಸಂಬಳವನ್ನು ಯಾರಾದರೂ ಕೊಡಬೇಕಷ್ಟೆ. ಆದ್ದರಿಂದ ಮಾಡುವವರು ಆಟಕ್ಕಿಂತ ಮುಂಚೆ ಆಟದ ಆಸೆಯನ್ನು ಪೇಟೆಗೆ ಕಳುಹಿಸುವರು.

ಇದಕ್ಕೆ ‘ದಿ ಎಲ್ಡರ್ ಸ್ಕ್ರೋಲ್ಸ್’ ಮಾಲೆಗಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ. ಅದರ ಐದನೆಯ ಆಟವಾದ ‘ಸ್ಕೈರಿಮ್’ 2011ರ ನವೆಂಬರ್ 11ರಂದು ಬಂದು ಲೋಕವನ್ನೇ ಮರುಳು ಮಾಡಿತು. ಆರನೆಯದು ಬರಲಿದೆಯೆಂದು ತಯಾರಕರು 2018ರ ಜೂನ್ ತಿಂಗಳಲ್ಲಿ ಸಾರಿದರು. ಸಾರಿದ್ದಾದರೂ ಹೇಗೆ? ಅರ್ಧ ನಿಮಿಷವನ್ನು ಸ್ವಲ್ಪ ಮೀರಿದ ಒಂದು ಟ್ರೇಲರಿನಿಂದ. ಅದರಲ್ಲಿ ಬೆಟ್ಟಗಳಿವೆ, ಮಂಜಿದೆ, ಕೊನೆಗೆ ಹೆಸರು ಮೂಡುತ್ತದೆ. ಒಂದು ನರಪ್ರಾಣಿಯೂ ಇಲ್ಲ. ಅಭಿಮಾನಿಗಳು ಆ ಬೆಟ್ಟಗಳ ಏರುತಗ್ಗುಗಳನ್ನು ಜ್ಯೋತಿಷಿಗಳು ಹಸ್ತರೇಖೆಯನ್ನು ನೋಡುವಂತೆ ನೋಡಿ, ಇದು ಇಂಥ ದೇಶವೇ ಇರಬೇಕೆಂದು ವರ್ಷಗಟ್ಟಲೆ ವಾದಿಸಿದರು. ಈ ನಡುವೆ ಆ ಸಂಸ್ಥೆಯ ಒಡೆತನವೇ ಬದಲಾಯಿತು; ಅದರ ಮಾತೃಸಂಸ್ಥೆಯನ್ನು ಮೈಕ್ರೋಸಾಫ್ಟ್ ಕಂಪನಿ 2021ರ ಮಾರ್ಚ್‌ನಲ್ಲಿ 750 ಕೋಟಿ ಡಾಲರಿನ ವ್ಯವಹಾರದಲ್ಲಿ ಕೊಂಡಿತು. 2025ನೆಯ ವರ್ಷ ಮುಗಿದಾಗಲೂ ಆಟ ಬಂದಿರಲಿಲ್ಲ. ಟ್ರೇಲರು ನೋಡಿದ ಕಾಲಕ್ಕೆ ಹತ್ತನೆಯ ತರಗತಿಯಲ್ಲಿದ್ದ ಹುಡುಗನು ಅಷ್ಟರಲ್ಲಿ ಇಂಜಿನಿಯರಿಂಗ್ ಮುಗಿಸಿ ಸಂಬಳ ಎಣಿಸುವಷ್ಟು ದೊಡ್ಡವನಾಗಿದ್ದನು. ಆಟವನ್ನು ಆಡಲು ಬಯಸಿದ ಹುಡುಗನೂ, ಅದು ಬಂದಾಗ ಆಡಬೇಕಾದ ಗೃಹಸ್ಥನೂ ಒಬ್ಬನೇ ಎನ್ನಬಹುದೆ?

ಕಾಯುವುದರಿಂದ ಕೆಡುಕಿಲ್ಲ. ಕೆಡುಕು ಹಣದಲ್ಲಿದೆ. ಹೊಸದಾಗಿ ಬಂದ ದೊಡ್ಡ ಆಟವೊಂದಕ್ಕೆ ನಮ್ಮ ದೇಶದಲ್ಲಿ ಸುಮಾರು 3,000ದಿಂದ 5,000 ರೂಪಾಯಿಗಳವರೆಗೆ ತೆರಬೇಕಾಗುತ್ತದೆ. ಮಧ್ಯಮ ವರ್ಗದ ಮನೆಯಲ್ಲಿ ಇದು ಕಿರಾಣಿ ಅಂಗಡಿಯ ಒಂದು ಚೀಟಿ. ಹುಡುಗರು ಹುಟ್ಟುಹಬ್ಬಕ್ಕೂ ಹಬ್ಬಕ್ಕೂ ಬಂದ ದುಡ್ಡನ್ನು ಕೂಡಿಸಿ, ಸಾಲದ್ದಕ್ಕೆ ತಾಯಿಯನ್ನು ಕಾಡಿ, ಆಟ ಬರುವುದಕ್ಕೆ ತಿಂಗಳುಗಳ ಮುಂಚೆಯೇ ಮುಂಗಡ ಕೊಟ್ಟುಬಿಡುವುದುಂಟು. ಮುಂಗಡ ಕೊಟ್ಟವರಿಗೆ ವಿಶೇಷ ಕತ್ತಿಯೊಂದು ದೊರೆಯುವುದಂತೆ, ಕುದುರೆಗೆ ಬೇರೆ ಬಣ್ಣದ ಜೀನು ದೊರೆಯುವುದಂತೆ! ಕತ್ತಿಯೂ ಚಿತ್ರ, ಜೀನೂ ಚಿತ್ರ. ಕೊಟ್ಟ ರೂಪಾಯಿ ಮಾತ್ರ ನಿಜ.

ಪಾರಿಜಾತದ ಊರಿನಲ್ಲಿಯೂ ಆಟಕ್ಕೆ ಮುಂಚೆ ವಂತಿಗೆ ಎತ್ತುತ್ತಿದ್ದರೆಂಬುದು ನಿಜವೆ. ಆದರೆ ಕೊಟ್ಟವನು ಸಂಜೆ ತಾಲೀಮಿನ ಜಾಗಕ್ಕೆ ಹೋಗಿ ಕಟ್ಟೆಯ ಮೇಲೆ ಕುಳಿತು, ತನ್ನ ದುಡ್ಡು ಏನಾಗುತ್ತಿದೆಯೆಂದು ಕಣ್ಣಾರೆ ಕಾಣಬಹುದಾಗಿತ್ತು. ಮಾತು ಮರೆತವನನ್ನು ಅಲ್ಲಿಯೇ ಛೇಡಿಸಬಹುದಾಗಿತ್ತು. ಉಳಿದ ಪ್ರೀತಿಯೆಲ್ಲ ಆಟದ ರಾತ್ರಿ, ಪಾತ್ರಧಾರಿ ಮನಸ್ಸನ್ನು ಗೆದ್ದ ಮೇಲೆ, ಆಯೇರಿಯ ರೂಪದಲ್ಲಿ ರಂಗಕ್ಕೆ ಬರುತ್ತಿತ್ತು. ಮೆಚ್ಚಿಗೆ ಮೊದಲು, ಹಣ ಆಮೇಲೆ.

ಈ ಕ್ರಮವನ್ನು ತಿರುವುಮುರುವು ಮಾಡಿದರೆ ಏನಾದೀತೆಂಬುದು 2020ರ ಡಿಸೆಂಬರಿನಲ್ಲಿ ಜಗಜ್ಜಾಹೀರಾಯಿತು. ಪೋಲೆಂಡ್ ದೇಶದ ಸಿಡಿ ಪ್ರಾಜೆಕ್ಟ್ ಸಂಸ್ಥೆಯು ‘ದಿ ವಿಚರ್’ ಎಂಬ ಮಾಯಾಲೋಕದ ಆಟಗಳಿಂದ ಕೀರ್ತಿ ಗಳಿಸಿತ್ತು. ಅದೇ ಸಂಸ್ಥೆ ‘ಸೈಬರ್‌ಪಂಕ್ 2077’ ಎಂಬ ಇನ್ನೊಂದು ವೇಷದ ಆಟವನ್ನು 2012ರಲ್ಲಿಯೇ ಸಾರಿತು. ಇದು ಮಾಂತ್ರಿಕರ ಕಥೆಯಲ್ಲ, ಮುಂಬರುವ ಕಾಲದ ನಗರವೊಂದರ ಕಥೆ; ಆದರೆ ಕಾದವರು ಅವರೇ. ಎಂಟು ವರ್ಷ ಕಾದರು. 2020ನೆಯ ಇಸವಿಯೊಂದರಲ್ಲಿಯೇ ತಾರೀಖು ಮೂರು ಸಲ ಮುಂದಕ್ಕೆ ಹೋಯಿತು. ಬಿಡುಗಡೆಗೆ ಮುಂಚೆ ಮುಂಗಡ ಕೊಟ್ಟವರ ಸಂಖ್ಯೆ 80 ಲಕ್ಷ. ಡಿಸೆಂಬರ್ 10ರಂದು ಆಟ ಬಂದಿತು. ಹಳೆಯ ಯಂತ್ರಗಳಲ್ಲಿ ಅದು ಕುಂಟಿತು, ನಿಂತಿತು, ಪಾತ್ರಗಳ ಮುಖವೇ ಮೂಡದೆ ಹೋಯಿತು. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಕಂಪನಿ ಅದನ್ನು ತನ್ನ ಮಳಿಗೆಯಿಂದ ತೆಗೆದುಹಾಕಿ ಹಣವನ್ನು ಹಿಂದಿರುಗಿಸಲು ಒಪ್ಪಬೇಕಾಯಿತು.

ಆದರೂ ಆ ಸಂಸ್ಥೆ ಆಟವನ್ನು ಕೈಬಿಡಲಿಲ್ಲವೆಂದು ಹೇಳದಿದ್ದರೆ ಅನ್ಯಾಯವಾದೀತು. ದುರಸ್ತಿ ಮಾಡುತ್ತಲೇ ಹೋಗಿ 2023ರ ಸೆಪ್ಟೆಂಬರಿನ ಹೊತ್ತಿಗೆ, ಮೊದಲ ದಿನ ಸಿಗಬೇಕಾಗಿದ್ದ ಆಟವನ್ನು ಜನರ ಕೈಗಿತ್ತಿತು. ಅಷ್ಟರಲ್ಲಿ ಬೆಲೆಯೂ ಎಷ್ಟೋ ಇಳಿದಿತ್ತು. ಮುಂಗಡ ಕೊಟ್ಟವನಿಗೆ ದಕ್ಕಿದ್ದು ಪೂರ್ಣ ಬೆಲೆಗೆ ಅರ್ಧ ಆಟ. ಸುಮ್ಮನೆ ಕುಳಿತವನಿಗೆ ಅರ್ಧ ಬೆಲೆಗೆ ಪೂರ್ಣ ಆಟ. ಆ ಸಂಸ್ಥೆಯ ‘ವಿಚರ್’ ಮಾಲೆಯ ನಾಲ್ಕನೆಯ ಆಟದ ಟ್ರೇಲರು 2024ರ ಡಿಸೆಂಬರಿನಲ್ಲಿ ಬಂದಿದೆ. 2026 ಮುಗಿಯುವ ಮುನ್ನ ಆಟ ಬರುವುದಿಲ್ಲವೆಂದು ಈ ಸಲ ಅವರೇ ಹೇಳಿಬಿಟ್ಟರು. ಪೆಟ್ಟು ತಿಂದ ಮೇಲೆ ನಾಲಗೆಗೆ ಬಂದ ಸಂಯಮವಿರಬೇಕು.

ಎಲ್ಲ ಮುಂಗಡವೂ ಮೋಸವಲ್ಲ. ಬೆಲ್ಜಿಯಂ ದೇಶದ ಲೇರಿಯನ್ ಎಂಬ ಸಂಸ್ಥೆ ‘ಬಾಲ್ಡರ್ಸ್ ಗೇಟ್ 3’ ಎಂಬ ಆಟದ ಮೊದಲ ಅಂಕವನ್ನು ಮಾತ್ರ 2020ರ ಅಕ್ಟೋಬರಿನಲ್ಲಿ ಮಾರಾಟಕ್ಕಿಟ್ಟಿತು. ಕೊಂಡವರು ಆಡಿದರು, ಹುಳುಕು ತೋರಿಸಿದರು, ಜಗಳವನ್ನೂ ಆಡಿದರು. ಸಂಸ್ಥೆಯವರು ಕಿವಿಗೊಟ್ಟು ತಿದ್ದಿದರು. ಪೂರ್ಣ ಆಟ 2023ರ ಆಗಸ್ಟ್ 3ರಂದು ಹೊರಬಂದು ಎಲ್ಲೆಡೆಯೂ ಮೆಚ್ಚಿಗೆ ಪಡೆಯಿತು. ತಾಲೀಮಿನ ಕಟ್ಟೆಯ ಮೇಲೆ ಊರನ್ನು ಕೂರಿಸಿಕೊಂಡ ಹಾಗೆ ಇದು. ಮನೆಯ ಹುಡುಗನು ಹಣ ಕೇಳಿದಾಗ ತಂದೆಯಾದವನು ‘ಬೇಡ’ ಎನ್ನುವುದಕ್ಕೆ ಮೊದಲು ‘ಇದರ ತಾಲೀಮನ್ನು ಯಾರಾದರೂ ಕಂಡಿದ್ದಾರೆಯೆ?’ ಎಂದು ವಿಚಾರಿಸಿದರೆ, ಹುಡುಗನಿಗೂ ತನ್ನ ಮಾತನ್ನು ತಂದೆ ಕೇಳಿದನೆಂಬ ಸಮಾಧಾನ ಉಂಟಾದೀತು.

ಇನ್ನೊಂದು ಕೊರತೆಯುಂಟು, ಅದು ದುಡ್ಡಿನದಲ್ಲ. ‘ಸ್ಕೈರಿಮ್’, ಮೂರನೆಯ ‘ವಿಚರ್’, ‘ಬಾಲ್ಡರ್ಸ್ ಗೇಟ್ 3’, ಇವು ಎಷ್ಟೋ ಭಾಷೆಗಳಲ್ಲಿ ದೊರೆಯುತ್ತವೆ, ಕನ್ನಡ ಅವುಗಳಲ್ಲಿಲ್ಲ. ಹೀಗಾಗಿ ಹುಡುಗನು ಇಂಗ್ಲಿಷಿನಲ್ಲಿ ಕಾಯುತ್ತಾನೆ, ಇಂಗ್ಲಿಷಿನಲ್ಲಿ ಗೆಲ್ಲುತ್ತಾನೆ. ಸಾವಿರಾರು ಮೈಲಿ ದೂರದ ಅಪರಿಚಿತನೊಡನೆ ಅವನು ಹಂಚಿಕೊಳ್ಳುವ ಉತ್ಸಾಹವನ್ನು ಪಕ್ಕದ ಕೋಣೆಯ ಆಯಿಯೊಡನೆ ಹಂಚಿಕೊಳ್ಳಲಾರ. ಆಯಿಯಾದರೋ ಸತ್ಯಭಾಮೆ ಪರದೆಯಿಂದ ಹೊರಬರುವ ಕ್ಷಣಕ್ಕಾಗಿ ನಿದ್ದೆಗೆಟ್ಟು ಕಾದವಳು. ಕಾಯುವುದರ ರುಚಿ ಮೊಮ್ಮಗನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಚೀನೀಯರು ಈ ಗೋಡೆಯನ್ನು ಒಡೆದರು. ವಾನರವೀರನೊಬ್ಬನ ಸಾಹಸವುಳ್ಳ ತಮ್ಮ 16ನೆಯ ಶತಮಾನದ ಕಥೆಯನ್ನು ಆಧರಿಸಿ ‘ಬ್ಲ್ಯಾಕ್ ಮಿಥ್: ವುಕಾಂಗ್’ ಎಂಬ ಆಟವನ್ನು ರಚಿಸಿದರು. 2020ರ ಆಗಸ್ಟ್ 20ರಂದು ಅದರ ತುಣುಕನ್ನು ತೋರಿಸಿ, ಸರಿಯಾಗಿ ನಾಲ್ಕು ವರ್ಷಗಳ ಮೇಲೆ ಅದೇ ತಾರೀಖಿಗೆ ಆಟವನ್ನು ಬಿಡುಗಡೆ ಮಾಡಿದರು. ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಖರ್ಚಾದವು. ಅಲ್ಲಿನ ಅಜ್ಜಿಯರು ಆ ವಾನರನ ಕಥೆಯನ್ನು ಮೊದಲೇ ಬಲ್ಲವರು. ನಮ್ಮಲ್ಲಿ ಪುಣೆಯ ಸಣ್ಣ ಸಂಸ್ಥೆಯೊಂದು 2020ರಲ್ಲಿಯೇ ‘ರಾಜಿ’ ಎಂಬ ಆಟವನ್ನು ಹೊರತಂದಿತು. ದುರ್ಗೆಯ ಮತ್ತು ವಿಷ್ಣುವಿನ ಅನುಗ್ರಹ ಪಡೆದು, ರಾಕ್ಷಸರು ಒಯ್ದ ತಮ್ಮನನ್ನು ಅರಸಿಹೊರಡುವ ಹುಡುಗಿಯ ಕಥೆ ಅದು. ಅದಕ್ಕಾಗಿ ಜನರಿಂದ ಹಣ ಕೂಡಿಸಲು 2017ರಲ್ಲಿ ನಡೆದ ಪ್ರಯತ್ನ ಗುರಿ ಮುಟ್ಟಿರಲಿಲ್ಲ. ಆದರೂ ಆಟ ಬಂದಿತು, ಪರದೇಶಗಳಲ್ಲಿಯೂ ಹೆಸರು ಪಡೆಯಿತು.

ಕುಲಗೋಡದ ಕಥೆಯಲ್ಲಿ ಇಂಥ ಆಟಕ್ಕೆ ಬೇಕಾದುದೆಲ್ಲ ಅಡಕವಾಗಿದೆ. ಸ್ವರ್ಗದ ತೋಟವಿದೆ, ಇಂದ್ರನೊಡನೆ ಕಾಳಗವಿದೆ, ವೇಷ ಮರೆಸಿಕೊಂಡು ಬರುವ ಕೊರವಂಜಿಯಿದ್ದಾಳೆ. ಕೊನೆಗೆ ಮರ ಸತ್ಯಭಾಮೆಯ ಅಂಗಳದಲ್ಲಿ ನಿಂತು ಹೂವು ರುಕ್ಮಿಣಿಯ ಅಂಗಳದಲ್ಲಿ ಉದುರುವ ತಿರುವೂ ಇದೆ. ಗೆದ್ದವರು ಯಾರೆಂದು ಆಡುವವನು ಅಲ್ಲಿ ತಾನೇ ತೀರ್ಮಾನಿಸಬಹುದು. ಅಂಥ ಆಟವೊಂದು ಬರಲಿದೆಯೆಂದು ಯಾರಾದರೂ ಸಾರಿದ ದಿನ, ಆಯಿ ತಾರೀಖನ್ನು ಕೇಳುವ ಧಾಟಿಯೇ ಬೇರೆಯಾದೀತು. ಈ ಸಲ ಸತ್ಯಭಾಮೆಯ ದನಿ ಯಾರದೆಂಬುದನ್ನೂ ಅವಳು ಕೇಳದೆ ಬಿಡಲಾರಳು.