ಹಸಿವಿಗೆ ಹನ್ನೆರಡು ತಿಂಗಳು, ನಮ್ಮ ದಾನಕ್ಕೆ ಒಂದೇ ತಿಂಗಳು!

ಧರ್ಮವನ್ನು ಸುಳ್ಳಾಗಿಸುವವನು ಯಾರು ಎಂಬ ಪ್ರಶ್ನೆಯನ್ನು ಪವಿತ್ರ ಕುರ್‌ಆನಿನ ‘ಅಲ್‌ಮಾಊನ್’ ಅಧ್ಯಾಯ ಎತ್ತುತ್ತದೆ. ಅನಾಥನನ್ನು ದಬ್ಬುವವನು ಮತ್ತು ದರಿದ್ರನಿಗೆ ಉಣಿಸಲು ಪ್ರೇರೇಪಿಸದವನು ಎಂಬುದು ಅದು ಕೊಡುವ ಉತ್ತರ. ಈ ಪುಟ್ಟ ಅಧ್ಯಾಯವನ್ನು ನಾವು ನಮಾಝಿನಲ್ಲಿ ಅದೆಷ್ಟು ಸಲ ಪಠಿಸಿದ್ದೇವೋ ಲೆಕ್ಕವಿಲ್ಲ. ಆದರೆ ಅದರ ಒಂದು ಪದದ ಮೇಲೆ ನಿಂತು ಯೋಚಿಸಿದವರು ಕಡಿಮೆ. ಇಲ್ಲಿ ಖಂಡನೆಗೆ ಗುರಿಯಾದುದು ಉಣಿಸದಿರುವುದಲ್ಲ, ಉಣಿಸುವಂತೆ ಪ್ರೇರೇಪಿಸದಿರುವುದು. ‘ಅಲ್‌ಹಾಕ್ಕಃ’ ಅಧ್ಯಾಯದಲ್ಲೂ ಇದೇ ಪದವಿದೆ. ‘ಅಲ್‌ಫಜ್ರ್’ ಅಧ್ಯಾಯದಲ್ಲಂತೂ ಅದೇ ಧಾತು ಪರಸ್ಪರತೆಯನ್ನು ಸೂಚಿಸುವ ರೂಪ ತಳೆದಿದೆ: ನೀವು ಒಬ್ಬರನ್ನೊಬ್ಬರು ಪ್ರೇರೇಪಿಸುತ್ತಿಲ್ಲ ಎಂಬುದು ಅಲ್ಲಿಯ ಆಕ್ಷೇಪ. ಒಬ್ಬನು ತನ್ನ ಪಾಡಿಗೆ ಒಂದು ತಟ್ಟೆ ಅನ್ನ ಕೊಟ್ಟುಬಿಟ್ಟರೆ ಈ ಆಕ್ಷೇಪದಿಂದ ಸಮುದಾಯ ಪಾರಾಗುವುದಿಲ್ಲ. ಜನರು ಕೂಡಿ, ಒಬ್ಬರನ್ನೊಬ್ಬರು ಹುರಿದುಂಬಿಸಿ, ಹಸಿವಿನ ವಿರುದ್ಧ ಒಂದು ವ್ಯವಸ್ಥೆಯನ್ನು ಕಟ್ಟಬೇಕಾಗುತ್ತದೆ.

ಈ ಅಳತೆಗೋಲಿನಿಂದ ನಮ್ಮನ್ನು ನಾವೇ ಅಳೆದುಕೊಳ್ಳೋಣ. ರಮಝಾನ್ ಬಂತೆಂದರೆ ನಮ್ಮ ಊರೂರುಗಳಲ್ಲಿ ಕಿಟ್‌ಗಳ ಸುಗ್ಗಿ. ಅಕ್ಕಿ, ಎಣ್ಣೆ, ಸಕ್ಕರೆ, ಬೇಳೆ, ಖರ್ಜೂರ ತುಂಬಿದ ಚೀಲಗಳು ಸಾಲುಗಟ್ಟುತ್ತವೆ. ಹಿಂದೆ ಬ್ಯಾನರ್, ಮುಂದೆ ಕ್ಯಾಮರಾ, ನಡುವೆ ತಲೆ ತಗ್ಗಿಸಿ ನಿಂತ ಒಬ್ಬ ವಿಧವೆ. ಒಂದೇ ಮನೆಗೆ ಮೂರು ಸಂಘಟನೆಗಳ ಮೂರು ಕಿಟ್ ತಲುಪುತ್ತದೆ, ಮರುಬೀದಿಯ ಬಾಡಿಗೆ ಮನೆಗೆ ಒಂದೂ ತಲುಪುವುದಿಲ್ಲ. ಈದ್‌ನ ಚಂದ್ರ ಕಂಡೊಡನೆ ಎಲ್ಲವೂ ಸ್ತಬ್ಧ. ಶವ್ವಾಲ್ ತಿಂಗಳಲ್ಲಿ ಆ ಮನೆಯ ಒಲೆ ಹೇಗೆ ಉರಿಯುತ್ತಿದೆಯೆಂದು ಕೇಳುವವರಿಲ್ಲ. ರಮಝಾನಿನಲ್ಲಿ ಪ್ರವಾದಿ ಮುಹಮ್ಮದ್(ಸ)ರ ಔದಾರ್ಯ ಎಂದಿಗಿಂತಲೂ ಹೆಚ್ಚಾಗುತ್ತಿತ್ತು ಎಂಬುದು ನಿಜ. ಆದರೆ ಉಳಿದ ಹನ್ನೊಂದು ತಿಂಗಳು ಅವರ ಮನೆಬಾಗಿಲು ಮುಚ್ಚಿರಲಿಲ್ಲ. ನಾವು ಆ ಸುನ್ನತ್ತಿನ ಅರ್ಧವನ್ನು ಹಿಡಿದು ಇನ್ನರ್ಧವನ್ನು ಕೈಬಿಟ್ಟಿದ್ದೇವೆ.

“ಈಗ ಹಸಿದವರು ಎಲ್ಲಿದ್ದಾರೆ? ಸರಕಾರವೇ ಅಕ್ಕಿ ಕೊಡುತ್ತಿದೆಯಲ್ಲ?” ಎಂದು ಕೇಳುವವರಿದ್ದಾರೆ. ಸರಕಾರ ಕೊಡುತ್ತಿರುವುದು ಸತ್ಯ ಮತ್ತು ಅದು ಶ್ಲಾಘನೀಯ. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷ ನಮ್ಮ ರಾಜ್ಯದಲ್ಲಿ ಆರಂಭವಾದ ಅನ್ನಭಾಗ್ಯ, 2017ರಲ್ಲಿ ಬಂದ ಇಂದಿರಾ ಕ್ಯಾಂಟೀನ್ ಇವೆಲ್ಲ ಅಸಂಖ್ಯ ಹೊಟ್ಟೆಗಳನ್ನು ತಣಿಸಿವೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತದೆಂದು ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಪುಟ್ಟ ಮಕ್ಕಳಲ್ಲಿ ಶೇ. 65.5 ಮಂದಿಗೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಅನ್ನ ಹೊಟ್ಟೆ ತುಂಬುತ್ತದೆ, ಆದರೆ ಬೇಳೆ, ಸೊಪ್ಪು, ಹಾಲು, ಮೊಟ್ಟೆಗಳಿಲ್ಲದ ಬರಿಯ ಅನ್ನದಿಂದ ರಕ್ತವಾಗುವುದಿಲ್ಲ. ರೇಶನ್ ಕಾರ್ಡ್ ಇಲ್ಲದ ವಲಸೆ ಕಾರ್ಮಿಕ, ಬೆರಳಚ್ಚು ಹೊಂದದೆ ಅಂಗಡಿಯಿಂದ ಬರಿಗೈಯಲ್ಲಿ ಮರಳುವ ವೃದ್ಧೆ, ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕುವ ತಾಯಿ, ಇವರ ಹಸಿವು ಸದ್ದು ಮಾಡುವುದಿಲ್ಲ. ಅದು ಮಾನದ ಸೆರಗಿನಡಿ ಅಡಗಿರುತ್ತದೆ. ಬೇಡದೆ ಸುಮ್ಮನಿರುವ ಬಡವರನ್ನು ಅರಿಯದವನು ಸಿರಿವಂತರೆಂದೇ ಭಾವಿಸುತ್ತಾನೆ ಎಂಬ ಎಚ್ಚರಿಕೆಯನ್ನು ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ನೀಡಿದೆ. ಹಸಿದವರು ಎಲ್ಲಿದ್ದಾರೆಂದು ಕೇಳುವವರು ತಮ್ಮ ಅರಿವಿನ ಕೊರತೆಯನ್ನೇ ಪ್ರಕಟಿಸುತ್ತಿದ್ದಾರೆ.

ದೂರ ಹೋಗುವುದು ಬೇಡ. ಬೆಳಗಿನ ಮದ್ರಸಾದಲ್ಲಿ ಪಾಠ ಹೇಳುವ ಯಾವ ಉಸ್ತಾದರನ್ನು ಬೇಕಾದರೂ ಕೇಳಿ. ಏಳು ಗಂಟೆಗೆ ಬರಿಯ ಚಹಾ ಕುಡಿದು ಬಂದು, ಎಂಟೂವರೆಗೆ ಶಾಲೆಗೆ ಓಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಶಾಲೆಯ ಬಿಸಿಯೂಟ ಸಿಗುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಆ ಮಗು ತಜ್ವೀದ್ ಕಲಿಯಬೇಕು, ಗಣಿತ ಕಲಿಯಬೇಕು. ಪಾಠ ಒಪ್ಪಿಸಲಾರದ ಮಗುವನ್ನು ‘ಮಂದಬುದ್ಧಿ’ ಎಂದು ಜರೆಯುವ ನಾವು ಅದರ ಹೊಟ್ಟೆಯನ್ನು ವಿಚಾರಿಸಿದ್ದೇವೆಯೇ? ಮಸೀದಿಯ ಹವಾನಿಯಂತ್ರಣಕ್ಕೆ, ಹೊಸ ಮಿನಾರಕ್ಕೆ ವಂತಿಗೆ ಎತ್ತುವ ಎಷ್ಟು ಜಮಾಅತ್‌ಗಳು ಆ ಮಿನಾರದ ನೆರಳಲ್ಲಿ ಕುಳಿತ ಮಗುವಿಗೆ ಒಂದು ಲೋಟ ರಾಗಿ ಗಂಜಿ, ಒಂದು ಮೊಟ್ಟೆ ಕೊಡುವ ಯೋಜನೆ ಹಾಕಿವೆ?

ದಾರಿಗಳಿಲ್ಲವೆಂದಲ್ಲ. ನಮ್ಮ ಬೀದರ್ ಜಿಲ್ಲೆಯ ಗಡಿಗೆ ತಾಗಿಕೊಂಡಿರುವ ತೆಲಂಗಾಣದ ಜಹೀರಾಬಾದ್ ಪ್ರದೇಶದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಜೊತೆ ಸೇರಿ ಬಡ ದಲಿತ ಮಹಿಳೆಯರು 1990ರ ದಶಕದಲ್ಲಿ ಏನು ಮಾಡಿದರೆಂದು ನೋಡಿ. ಪಾಳುಬಿದ್ದಿದ್ದ ಹೊಲಗಳನ್ನು ಸಾಲದ ನೆರವಿನಿಂದ ಮತ್ತೆ ಉತ್ತು ಜೋಳ ಬೆಳೆದರು. ಆ ಸಾಲವನ್ನು ಹಣವಾಗಿ ತೀರಿಸದೆ ಜೋಳವಾಗಿ ಊರಿನ ಧಾನ್ಯ ನಿಧಿಗೆ ತುಂಬಿದರು. ಊರವರೆಲ್ಲ ಕುಳಿತು, ನೆಲದ ಮೇಲೆ ಊರಿನ ನಕ್ಷೆ ಬರೆದು, ಯಾವ ಮನೆ ಎಷ್ಟು ಬಡದು ಎಂದು ತಾವೇ ತೀರ್ಮಾನಿಸಿದರು. ಹೆಚ್ಚು ಬಡವರಿಗೆ ಹೆಚ್ಚು ಜೋಳ, ಕಡಿಮೆ ದರದಲ್ಲಿ. ಮುಂಗಾರಿನಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಆ ಮನೆಗಳ ಒಲೆ ಆರಲಿಲ್ಲ. ಬೇಡುವವರಾಗಿದ್ದವರೇ ಹಂಚುವವರಾದರು.

ನೆರೆಯ ಕೇರಳದಲ್ಲಿ 1998ರಲ್ಲಿ ಹುಟ್ಟಿದ ಕುಟುಂಬಶ್ರೀ ಮಹಿಳಾ ಜಾಲವು 2020ರಲ್ಲಿ ‘ಜನಕೀಯ ಹೋಟೆಲ್’ಗಳನ್ನು ತೆರೆಯಿತು. ಆಗ ಅಲ್ಲಿ 20 ರೂಪಾಯಿಗೆ ಊಟ ಸಿಗುತ್ತಿತ್ತು. ಹಸಿದವನು ಬೇಡುವವನಾಗಿ ಅಲ್ಲ, ಗಿರಾಕಿಯಾಗಿ ಬಂದು ಕುಳಿತ. ಅಡುಗೆ ಮಾಡಿದ ಬಡ ಮಹಿಳೆಗೂ ಸಂಪಾದನೆಯಾಯಿತು. ದಿಲ್ಲಿಯಲ್ಲಿ 2014ರಲ್ಲಿ ಕೆಲವು ಯುವಕರು ಆರಂಭಿಸಿದ ರಾಬಿನ್ ಹುಡ್ ಆರ್ಮಿ ಯಾರಿಂದಲೂ ಹಣ ಪಡೆಯುವುದಿಲ್ಲ. ಹೋಟೆಲುಗಳಲ್ಲಿ, ಸಮಾರಂಭಗಳಲ್ಲಿ ಉಳಿದ ಒಳ್ಳೆಯ ಆಹಾರವನ್ನು ಕೆಡುವ ಮುನ್ನ ಹಸಿದವರಿಗೆ ಮುಟ್ಟಿಸುವುದಷ್ಟೇ ಅದರ ಕಾಯಕ. ಹೈದರಾಬಾದಿನ ದಬೀರ್‌ಪುರ ಮೇಲ್ಸೇತುವೆಯ ಕೆಳಗೆ ಅಝ್ಹರ್ ಮಕ್ಸೂಸಿ 2012ರಲ್ಲಿ ಆರಂಭಿಸಿದ ಅನ್ನದಾನದಲ್ಲಿ ಉಣ್ಣಲು ಬಂದವನ ಧರ್ಮವನ್ನು ಯಾರೂ ಕೇಳುವುದಿಲ್ಲ. ಇವರೆಲ್ಲರ ಬಳಿ ನಮಗಿಂತ ಹೆಚ್ಚು ಹಣವಿತ್ತೆಂದಲ್ಲ. ಇವರು ಹಸಿವನ್ನು ಒಂದು ದಿನದ ಪುಣ್ಯಕಾರ್ಯವಾಗಿ ಕಾಣದೆ ದಿನನಿತ್ಯದ ಹೊಣೆಯಾಗಿ ಕಂಡರು.

ಇಂತಹ ಮಾತು ಆಡಿದೊಡನೆ ಕೆಲವರು ಹುಬ್ಬೇರಿಸುತ್ತಾರೆ. “ಹಿರಿಯರು ಮಾಡಿಕೊಂಡು ಬಂದದ್ದು ಸಾಲದೇ? ಈ ಹೊಸ ಹೊಸ ಏರ್ಪಾಡುಗಳೇಕೆ?” ಬಿದ್‌ಅತ್ ಎಂಬುದು ಆರಾಧನೆಯಲ್ಲಿ, ದೀನಿನಲ್ಲಿ ಇಲ್ಲದುದನ್ನು ಸೇರಿಸುವುದಕ್ಕೆ ಅನ್ವಯಿಸುವ ಪದ. ಹಸಿದವನಿಗೆ ಅನ್ನ ತಲುಪಿಸುವ ಉಪಾಯಕ್ಕೆ ಆ ಪದವನ್ನು ತಂದು ಅಂಟಿಸುವುದು ಜ್ಞಾನಕ್ಕೆ ಬಗೆಯುವ ಅಪಚಾರ. ಹಿಜರಿ 18ರಲ್ಲಿ ಅರೇಬಿಯಾವನ್ನು ಭೀಕರ ಬರ ಕಾಡಿದಾಗ ಖಲೀಫಾ ಉಮರ್(ರ) ಏನು ಮಾಡಿದರು? ಪ್ರಾಂತ್ಯಗಳಿಗೆ ಪತ್ರ ಬರೆದು ಒಂಟೆಗಳ ಮೇಲೆ ಧಾನ್ಯ ತರಿಸಿದರು. ಮದೀನಾಕ್ಕೆ ಬಂದು ಸೇರಿದ ನಿರಾಶ್ರಿತರಿಗಾಗಿ ಸಾಮೂಹಿಕ ಅಡುಗೆ ಮಾಡಿಸಿದರು. ಉಣ್ಣುವವರ ಎಣಿಕೆ ಮಾಡಿಸಿದರು, ಬರಲಾಗದ ರೋಗಿಗಳನ್ನೂ ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿದರು. ಜನರ ಸಂಕಟ ನೀಗುವವರೆಗೆ ತುಪ್ಪವನ್ನು ತಾವು ಮುಟ್ಟಲಿಲ್ಲ. ಇದನ್ನು ಅಂದು ಯಾರೂ ಬಿದ್‌ಅತ್ ಎನ್ನಲಿಲ್ಲ. ಅಶ್‌ಅರೀ ಗೋತ್ರದವರು ಆಹಾರ ಕಡಿಮೆಯಾದಾಗ ಇದ್ದುದೆಲ್ಲವನ್ನೂ ಒಂದೇ ಬಟ್ಟೆಯಲ್ಲಿ ಕೂಡಿಹಾಕಿ, ಒಂದೇ ಪಾತ್ರೆಯಿಂದ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿ(ಸ) ಅವರನ್ನು ತನ್ನವರೆಂದು ಕರೆದು ಗೌರವಿಸಿದ್ದು ಬುಖಾರಿ, ಮುಸ್ಲಿಂ ಗ್ರಂಥಗಳಲ್ಲಿ ದಾಖಲಾಗಿದೆ. ಜಹೀರಾಬಾದಿನ ಧಾನ್ಯ ನಿಧಿಯಲ್ಲಿ ಇದರ ನೆರಳು ನಮಗೆ ಕಾಣುವುದಿಲ್ಲವೇ? ಜೆರುಸಲೇಮಿನಲ್ಲಿ 1552ರಲ್ಲಿ ಹಾಸ್ಸಕೀ ಸುಲ್ತಾನ್ ಸ್ಥಾಪಿಸಿದ ಅನ್ನಛತ್ರಕ್ಕೆ ಹಳ್ಳಿಗಳ ಆದಾಯವನ್ನೇ ವಕ್ಫ್ ಮಾಡಲಾಗಿತ್ತು. ಸಾಮ್ರಾಜ್ಯ ಅಳಿದರೂ ನಮ್ಮ ಕಾಲದವರೆಗೂ ಅಲ್ಲಿ ಬಡವರಿಗಾಗಿ ಒಲೆ ಉರಿದಿದೆ. ಹೊಸ ಉಪಾಯ ಹುಡುಕುವುದೇ ನಮ್ಮ ಹಿರಿಯರ ಹಳೆಯ ಪದ್ಧತಿ.

ಎರಡನೆಯ ಆಕ್ಷೇಪ: “ನನ್ನ ದಾನವನ್ನು ನಾನೇ ಕೈಯಾರೆ ಕೊಡುತ್ತೇನೆ. ಸಂಸ್ಥೆಗಳನ್ನು ನಂಬುವುದು ಹೇಗೆ?” ಕೈಯಾರೆ ಕೊಡಿ, ನೆರೆಯವನ ಹಕ್ಕನ್ನು ಯಾವ ಸಂಸ್ಥೆಗೂ ವಹಿಸಿಕೊಡಲಾಗದು. ಆದರೆ ಕೈಯಾರೆ ಕೊಡುವ ದಾನ ನಮ್ಮ ಕಣ್ಣಿಗೆ ಕಂಡವನನ್ನಷ್ಟೇ ತಲುಪುತ್ತದೆ. ಬಾಗಿಲಿಗೆ ಬಂದು ಕೈಚಾಚುವವನಿಗೆ ಹತ್ತು ಮನೆಯಲ್ಲಿ ಸಿಗುತ್ತದೆ, ಬಾಗಿಲು ದಾಟದ ಮಾನವಂತೆಗೆ ಒಂದು ಮನೆಯಲ್ಲೂ ಸಿಗುವುದಿಲ್ಲ. ಬೇಡಲು ಬಂದ ಅನ್ಸಾರಿ ಸಹಾಬಿಯ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿ(ಸ) ಎರಡು ದಿರ್ಹಮಿಗೆ ಹರಾಜು ಹಾಕಿ, ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ಕೊಳ್ಳುವಂತೆ ಮಾಡಿ, ಕಟ್ಟಿಗೆ ಕಡಿದು ಮಾರಲು ಕಳುಹಿಸಿದ ಘಟನೆಯನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಇಂದಿನ ಹಸಿವೂ ಇದೇ ಎರಡನ್ನು ಬೇಡುತ್ತದೆ: ಇಂದಿಗೆ ಅನ್ನ, ನಾಳೆಗೆ ಕೊಡಲಿ. ಹದಿನೈದು ದಿನಗಳ ಬಳಿಕ ಬಾ ಎಂದು ಹೇಳಿ ಆ ವ್ಯಕ್ತಿಯ ಸ್ಥಿತಿಯನ್ನು ಪ್ರವಾದಿ(ಸ) ಮತ್ತೆ ವಿಚಾರಿಸಿದರು. ನಮ್ಮ ಕಿಟ್‌ಗಳಲ್ಲಿ ಇಲ್ಲದಿರುವುದು ಈ ಮರುವಿಚಾರಣೆಯೇ. ಅದನ್ನು ವರ್ಷವಿಡೀ ಮಾಡಲು ಸಂಸ್ಥೆಯೇ ಬೇಕು.

ಸಂಸ್ಥೆಗಳ ಮೇಲಿನ ಸಂಶಯಕ್ಕೆ ಕಾರಣಗಳಿವೆ ಎಂಬುದನ್ನೂ ಅಲ್ಲಗಳೆಯಲಾಗದು. ಲೆಕ್ಕ ಕೇಳಿದರೆ ಮುಖ ಕೆಂಪಾಗಿಸುವ ಸಮಿತಿಗಳಿವೆ. ಅಮಾನತ್ತಿನ ವಿಷಯದಲ್ಲಿ ಸಲುಗೆ ಸಲ್ಲದು. ಜುಮಾ ದಿನ ಮಸೀದಿಯ ಫಲಕದ ಮೇಲೆ ಬಂದ ಹಣ, ಖರ್ಚಾದ ಹಣ, ಉಂಡವರ ಸಂಖ್ಯೆ ಮೂರನ್ನೂ ಬರೆದು ತೂಗುಹಾಕಲಿ. ಉಂಡವರ ಸಂಖ್ಯೆ ಮಾತ್ರ, ಅವರ ಹೆಸರಲ್ಲ, ಭಾವಚಿತ್ರವಂತೂ ಅಲ್ಲವೇ ಅಲ್ಲ. ಹಂಗಿಸುವುದರಿಂದ ಮತ್ತು ನೋಯಿಸುವುದರಿಂದ ದಾನ ವ್ಯರ್ಥವಾಗುತ್ತದೆಂದು ಕುರ್‌ಆನ್ ಎಚ್ಚರಿಸಿರುವಾಗ, ಒಬ್ಬ ತಾಯಿಯ ಬಡತನವನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಡುವುದನ್ನು ಏನೆಂದು ಕರೆಯೋಣ? ಲೆಕ್ಕ ಕೊಡದ ಸಂಸ್ಥೆಯನ್ನು ತಿದ್ದಿ, ತಿದ್ದದಿದ್ದರೆ ಬಿಡಿ. ಆದರೆ ಅದರ ನೆಪದಲ್ಲಿ ಪ್ರಾಮಾಣಿಕವಾಗಿ ದುಡಿಯುವ ಹತ್ತು ಮಂದಿಯನ್ನು ಬರಿಗೈಯಲ್ಲಿ ಕಳುಹಿಸಬೇಡಿ.

ಮೂರನೆಯದು ಝಕಾತ್‌ನ ಪ್ರಶ್ನೆ. ಝಕಾತ್ ಪಡೆಯಲು ಅರ್ಹರಾದ ಎಂಟು ವಿಭಾಗಗಳನ್ನು ಕುರ್‌ಆನ್ ಅತ್ತೌಬಃ ಅಧ್ಯಾಯದಲ್ಲಿ ನಿಗದಿಗೊಳಿಸಿದೆ. ಅರ್ಹನ ಒಡೆತನಕ್ಕೆ ಸೊತ್ತು ಸೇರಬೇಕೆಂಬ ಷರತ್ತಿನ ವಿವರಗಳನ್ನು ತಮ್ಮ ಮದ್‌ಹಬ್‌ನ ಉಲಮಾಗಳಲ್ಲಿ ಕೇಳಿಯೇ ಮುಂದುವರಿಯಬೇಕು. ಸಾರ್ವಜನಿಕ ಅಡುಗೆಮನೆಯ ಪಾತ್ರೆಗೆ, ಬಾಡಿಗೆಗೆ, ವಾಹನಕ್ಕೆ ಝಕಾತ್ ಬಳಸುವುದರಲ್ಲಿ ಅಡಚಣೆಯಿದೆಯೆಂದೇ ಇಟ್ಟುಕೊಳ್ಳೋಣ. ಆದರೆ ಸದಕಾದ ಬಾಗಿಲು ಮುಚ್ಚಿದೆಯೇ? ಹೊಸ ವಕ್ಫ್ ಮಾಡುವ ಬಾಗಿಲು ಮುಚ್ಚಿದೆಯೇ? ಹಳೆಯ ವಕ್ಫ್ ಅದನ್ನು ಕೊಟ್ಟವರ ಷರತ್ತಿಗೆ ಬದ್ಧ. ಹಾಗಿರುವಾಗ ಒಂದು ಅಂಗಡಿ ಕೋಣೆಯನ್ನೋ ಹತ್ತು ತೆಂಗಿನ ಮರಗಳನ್ನೋ ಹಸಿದವರ ಅನ್ನಕ್ಕೆಂದೇ ವಕ್ಫ್ ಮಾಡುವ ಸಿರಿವಂತರು ನಮ್ಮಲ್ಲಿ ಏಕೆ ಹುಟ್ಟುತ್ತಿಲ್ಲ? ಶೇಕಡ ಎರಡೂವರೆ ಎಂಬುದು ದಾನದ ಕನಿಷ್ಠ ಮಿತಿಯೇ ಹೊರತು ಗರಿಷ್ಠ ಮಿತಿಯಲ್ಲ.

“ನಮ್ಮವರಿಗೇ ಸಾಲದಿರುವಾಗ ಇತರರಿಗೇಕೆ?” ಎಂಬ ಪಿಸುಮಾತೂ ಕೇಳಿಬರುತ್ತದೆ. ದರಿದ್ರ, ಅನಾಥ ಮತ್ತು ಸೆರೆಯಾಳಿಗೆ ಅಲ್ಲಾಹನ ಪ್ರೀತಿಗಾಗಿ ಉಣಿಸುವವರನ್ನು ಕುರ್‌ಆನ್ ಅದ್ದಹ್ರ್ ಅಧ್ಯಾಯದಲ್ಲಿ ಹೊಗಳಿದೆ. ಆ ಸೆರೆಯಾಳುಗಳು ಯಾರು? ಮುಸ್ಲಿಮರನ್ನು ಕೊಲ್ಲಲು ಖಡ್ಗ ಹಿಡಿದು ಬಂದವರು. ಬದ್ರ್‌ನಲ್ಲಿ ಸೆರೆಸಿಕ್ಕವರಿಗೆ ಸಹಾಬಿಗಳು ರೊಟ್ಟಿ ಕೊಟ್ಟು ತಾವು ಖರ್ಜೂರ ತಿಂದಿದ್ದರು. ವೈರಿಯ ಹಸಿವಿಗೇ ಈ ಮರ್ಯಾದೆಯಾದರೆ ನಮ್ಮ ಜೊತೆ ಬೀದಿ ಹಂಚಿಕೊಂಡವನ ಹಸಿವಿಗೆ ಎಷ್ಟು ಸಲ್ಲಬೇಕು? ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ, ಅಮೃತಸರದ ಸ್ವರ್ಣಮಂದಿರದ ಲಂಗರ್‌ನಲ್ಲಿ ಜಾತಿ ಮತ ಕೇಳದೆ ಉಣಬಡಿಸುತ್ತಾರೆ. ಅವನ್ನು ಕಂಡು ಬೆರಗಾಗುವ ನಾವು, ನೆರೆಯವನು ಹಸಿದಿರುವಾಗ ಹೊಟ್ಟೆತುಂಬ ಉಣ್ಣುವವನ ಈಮಾನನ್ನೇ ಪ್ರಶ್ನಿಸಿದ ಪ್ರವಾದಿ(ಸ)ರ ಅನುಯಾಯಿಗಳೆಂಬುದನ್ನು ಮರೆತಿದ್ದೇವೆ.

ಇನ್ನು ನಮ್ಮ ವಲೀಮಾಗಳ ವಿಚಾರ. ಸಿರಿವಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಆಹಾರವನ್ನು ಅತ್ಯಂತ ಕೆಟ್ಟ ಆಹಾರವೆಂದು ಹದೀಸ್ ಬಣ್ಣಿಸಿದೆ. ನಾವು ಆ ಕೇಡಿಗೆ ಇನ್ನೊಂದನ್ನು ಸೇರಿಸಿದ್ದೇವೆ: ಉಳಿದುದನ್ನು ಹೊಂಡಕ್ಕೆ ಸುರಿಯುವುದು. ಜಗತ್ತಿನಲ್ಲಿ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂದಾಜಿಸಿದೆ. ಆ ರಾಶಿಯಲ್ಲಿ ನಮ್ಮ ಮದುವೆ ಹಾಲ್‌ಗಳ ಬಿರಿಯಾನಿಯೂ ಇದೆ. ನಿಕಾಹ್ ದಾಖಲಿಸುವ ಜಮಾಅತ್, ಉಳಿದ ಆಹಾರ ಒಯ್ಯುವ ತಂಡಕ್ಕೆ ಮುಂಚಿತವಾಗಿ ತಿಳಿಸುವುದನ್ನು ಒಂದು ಷರತ್ತಾಗಿ ಏಕೆ ಮಾಡಬಾರದು? ಖತೀಬರು ವರ್ಷಕ್ಕೊಂದು ಖುತ್ಬಾವನ್ನಾದರೂ ಇದಕ್ಕೆ ಮೀಸಲಿಡಬಾರದೇಕೆ?

ಕೇಳುತ್ತಿರುವುದು ದೊಡ್ಡದೇನನ್ನೂ ಅಲ್ಲ. ಪ್ರತಿ ಮನೆಯಿಂದ ಪ್ರತಿ ತಿಂಗಳು, ರಮಝಾನಿನಲ್ಲಿ ಮಾತ್ರವಲ್ಲ, ಒಂದು ನಿಶ್ಚಿತ ಮೊತ್ತ. ಸಣ್ಣದಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ನಮಗೆ ಕಲಿಸಲಾಗಿದೆ. ಅದು ಮದ್ರಸಾದ ಬೆಳಗಿನ ಗಂಜಿಗಾಗಲಿ, ಬಡ ಮಹಿಳೆಯರು ನಡೆಸುವ ಅಡುಗೆಮನೆಗಾಗಲಿ, ರೇಶನ್ ಕಾರ್ಡ್ ಇಲ್ಲದವರಿಗೆ ಅರ್ಜಿ ತುಂಬಿಕೊಡುವ ಯುವಕರ ತಂಡಕ್ಕಾಗಲಿ, ಧಾನ್ಯ ಕೂಡಿಡುವ ಸಂಘಕ್ಕಾಗಲಿ ಸಲ್ಲಲಿ. ಹಣವಿಲ್ಲದವರು ವಾರಕ್ಕೆ ಎರಡು ಗಂಟೆ ಕೊಡಲಿ. ಅದೂ ಆಗದವರು ಇನ್ನೊಬ್ಬರನ್ನು ಪ್ರೇರೇಪಿಸಲಿ. ‘ಅಲ್‌ಮಾಊನ್’ ನಮ್ಮಿಂದ ಕೇಳುವ ಕನಿಷ್ಠ ಕರ್ತವ್ಯ ಅದು. ಅದನ್ನೂ ಮಾಡದವನ ನಮಾಝಿನ ಗತಿಯೇನೆಂಬುದನ್ನು ಅದೇ ಅಧ್ಯಾಯದ ಮುಂದಿನ ಸೂಕ್ತಗಳು ಹೇಳುತ್ತವೆ. ಅದನ್ನು ಓದುವ ಧೈರ್ಯ ನಮಗಿರಲಿ.

ಹಸಿದವರ ಮುಂದೆ ನಾಚಬೇಕಾದ ಸ್ಥಿತಿಯಿಂದ ಅಲ್ಲಾಹನು ನಮ್ಮನ್ನು ಪಾರುಮಾಡಲಿ. ಆಮೀನ್.