ಮೇರಿಲ್ಯಾಂಡಿನ ಕುರ್ಚಿ, ಬೆಳಗಾವಿಯ ಹಳ್ಳಿ: ಮಕ್ಕಳ ಆರೋಗ್ಯ ಸಂಶೋಧನೆಯ ಒಂದು ವರ್ಷ

ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಮತ್ತು ಮಾನವ ಅಭಿವೃದ್ಧಿ ಸಂಸ್ಥೆಯ ನಿರ್ದೇಶಕಿ ಡಾ. ಡಯಾನಾ ಬಿಯಾಂಕಿ ಅವರನ್ನು 2025ರ ಏಪ್ರಿಲ್ 1ರಂದು ರಜೆಯ ಮೇಲೆ ಕಳುಹಿಸಲಾಯಿತು. ಅವರು 2016ರಿಂದ ಆ ಸ್ಥಾನದಲ್ಲಿದ್ದರು. ಉಪನಿರ್ದೇಶಕಿ ಅಲಿಸನ್ ಸರ್ನಿಚ್ ಅವರಿಗೆ ಹಂಗಾಮಿ ಹೊಣೆ ಬಂತು. ಮಾತೃಸಂಸ್ಥೆಯಾದ ಎನ್‌ಐಎಚ್‌ನ ಮುಖ್ಯಸ್ಥರಾಗಿ ಕೋಲ್ಕತ್ತದಲ್ಲಿ ಹುಟ್ಟಿದ ಡಾ. ಜಯ್ ಭಟ್ಟಾಚಾರ್ಯ ಕೆಲಸ ಆರಂಭಿಸಿದ್ದೂ ಅದೇ ದಿನ.

ದೂರದ ಮೇರಿಲ್ಯಾಂಡ್‌ನಲ್ಲಿ ಯಾರು ಬಂದರೇನು, ಯಾರು ಹೋದರೇನು ಎಂದು ನಮ್ಮ ಗಡಿಭಾಗದ ಓದುಗರು ಕೇಳಬಹುದು. ಆದರೆ ಈ ಸಂಸ್ಥೆಯ ಕೆಲಸ ನಮ್ಮ ಮನೆಗಳಿಗೂ ಬಂದು ಮುಟ್ಟಿದೆ.

ಸಂಸ್ಥೆ ಹುಟ್ಟಿದ್ದು 1962ರಲ್ಲಿ, ಅಧ್ಯಕ್ಷ ಕೆನಡಿ ಅವರ ಕಾಲದಲ್ಲಿ. ಮರುವರ್ಷ ಅವರದೇ ಗಂಡು ಮಗು ಅವಧಿಗೆ ಮುನ್ನ ಹುಟ್ಟಿ, ಉಸಿರಾಟದ ತೊಂದರೆಯಿಂದ ಎರಡು ದಿನವೂ ತುಂಬದೆ ತೀರಿಕೊಂಡಿತು. ಇಂದು ಅಂಥ ಮಕ್ಕಳಲ್ಲಿ ಹೆಚ್ಚಿನವರು ಬದುಕುತ್ತಾರೆ. ಇದೇ ಸಂಸ್ಥೆಯ ಜಾನ್ ರಾಬಿನ್ಸ್ ಮತ್ತು ರೇಚೆಲ್ ಶ್ನೀರ್ಸನ್ ಎಚ್‌ಐಬಿ ಎಂಬ ರೋಗಾಣುವಿನಿಂದ ಬರುವ ಮಿದುಳುಪೊರೆಯ ಉರಿಯೂತಕ್ಕೆ ಲಸಿಕೆಯ ದಾರಿ ತೋರಿದರು. 2011ರ ಡಿಸೆಂಬರ್‌ನಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಮೊದಲಾಗಿ ಆರಂಭವಾದ ಪೆಂಟಾವೇಲೆಂಟ್ ಲಸಿಕೆಯ ಐದು ಅಂಶಗಳಲ್ಲಿ ಎಚ್‌ಐಬಿಯೂ ಒಂದು. ಕಾಸರಗೋಡಿನ, ತಾಳವಾಡಿಯ ತಾಯಂದಿರು ಮಗುವನ್ನು ಎತ್ತಿಕೊಂಡು ಹೋಗಿ ಹಾಕಿಸುವ ಚುಚ್ಚುಮದ್ದು ಅದು.

ಇನ್ನೂ ಹತ್ತಿರದ ನಂಟು ಬೆಳಗಾವಿಯದು. ತಾಯಿ-ಮಕ್ಕಳ ಆರೋಗ್ಯಕ್ಕಾಗಿ ಈ ಸಂಸ್ಥೆ ಕಟ್ಟಿದ ಜಾಗತಿಕ ಜಾಲದಲ್ಲಿ ಅಲ್ಲಿನ ಕೆಎಲ್‌ಇಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಒಂದು ಕೇಂದ್ರವಾಯಿತು. ಡಾ. ಶಿವಪ್ರಸಾದ ಗೌಡರ್, ಡಾ. ಕೊಡ್ಕಣಿ ಮುಂತಾದವರು 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಅಧ್ಯಯನ ನಡೆಸಿದರು. ಹೆರಿಗೆಯಾದ ಕೂಡಲೇ ಎಎನ್‌ಎಂ ದಾದಿಯರು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೆಳಗಾವಿ, ನಾಗಪುರ ಸೇರಿ ಆರು ದೇಶಗಳ ಸುಮಾರು 12 ಸಾವಿರ ಚೊಚ್ಚಲ ಗರ್ಭಿಣಿಯರು ಪಾಲ್ಗೊಂಡಿದ್ದರು. ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆಯಿಂದ ಅವಧಿಪೂರ್ವ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿದದ್ದು ಅದರಲ್ಲಿ ಕಂಡುಬಂತು.

ಈ ಹಿನ್ನೆಲೆಯಲ್ಲಿ 2025ರ ಬೆಳವಣಿಗೆಗಳನ್ನು ನೋಡಬೇಕು. ಮೇ 1ರಂದು ಎನ್‌ಐಎಚ್ ಹೊಸ ನಿಯಮ ಪ್ರಕಟಿಸಿತು. ಅಮೆರಿಕದ ವಿಶ್ವವಿದ್ಯಾಲಯ ಪಡೆದ ಅನುದಾನದಲ್ಲಿ ಒಂದು ಪಾಲನ್ನು ಹೊರದೇಶದ ಕೇಂದ್ರಕ್ಕೆ ಕೊಡುವ ಪದ್ಧತಿಯನ್ನು, ಬೇರೆ ವ್ಯವಸ್ಥೆ ಆಗುವವರೆಗೆ ಹೊಸ ಮತ್ತು ನವೀಕರಣದ ಅನುದಾನಗಳಲ್ಲಿ ತಡೆಹಿಡಿಯಲಾಯಿತು. ಹಣ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಸರಿಯಾಗಿರಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ. ಅದೇ ತಿಂಗಳು ಎನ್‌ಐಎಚ್‌ನ 27 ಸಂಸ್ಥೆ-ಕೇಂದ್ರಗಳನ್ನು 8ಕ್ಕೆ ಇಳಿಸಿ, ಬಜೆಟ್ಟನ್ನು ಸುಮಾರು ಶೇ. 40ರಷ್ಟು ಕಡಿತ ಮಾಡುವ ಪ್ರಸ್ತಾಪವನ್ನು ಅಲ್ಲಿನ ಸರ್ಕಾರ ಮುಂದಿಟ್ಟಿತು. ಜುಲೈನಲ್ಲಿ ಸೆನೆಟ್‌ನ ಹಣಕಾಸು ಮಂಜೂರಾತಿ ಸಮಿತಿ ಅದನ್ನು ಒಪ್ಪದೆ, ಬದಲಿಗೆ 40 ಕೋಟಿ ಡಾಲರ್ ಹೆಚ್ಚಿಸಲು ಶಿಫಾರಸು ಮಾಡಿತು.

ಪ್ರಗತಿ ನಿಂತಿತೆಂದಲ್ಲ. ಅದೇ ಮೇ ತಿಂಗಳಲ್ಲಿ, ಎನ್‌ಐಎಚ್ ನೆರವಿನಿಂದ ಫಿಲಡೆಲ್ಫಿಯಾದ ವೈದ್ಯರು ಅಪರೂಪದ ಆನುವಂಶಿಕ ಕಾಯಿಲೆಯ ಒಂದು ಹಸುಳೆಗೆಂದೇ ತಯಾರಿಸಿದ ಜೀನ್ ತಿದ್ದುಪಡಿ ಚಿಕಿತ್ಸೆ ನೀಡಿದ ವರದಿ ಪ್ರಕಟವಾಯಿತು. ಜಗತ್ತಿನಲ್ಲಿ ಇದು ಮೊದಲನೆಯದು. ಆದರೆ ಇದು ಹಲವು ವರ್ಷಗಳ ಹಿಂದೆ ಬಿತ್ತಿದ ಬೀಜದ ಫಲ. ಈ ವರ್ಷ ಬಿತ್ತದಿದ್ದರೆ ಅದರ ನಷ್ಟ ಕಣ್ಣಿಗೆ ಬೀಳುವುದು ಹತ್ತು ವರ್ಷಗಳ ನಂತರ.

ಚುನಾಯಿತ ಸರ್ಕಾರ ತನಗೆ ಬೇಕಾದವರನ್ನು ನೇಮಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಒಬ್ಬರೇ ದಶಕಗಳ ಕಾಲ ಕುರ್ಚಿಯಲ್ಲಿ ಕೂರುವುದೂ ಒಳ್ಳೆಯದಲ್ಲ. ಪ್ರಶ್ನೆ ಇರುವುದು ಬದಲಾವಣೆಯ ರೀತಿಯಲ್ಲಿ. ಗರ್ಭಿಣಿಯೊಬ್ಬಳನ್ನು ಅಧ್ಯಯನಕ್ಕೆ ಸೇರಿಸಿಕೊಂಡ ಮೇಲೆ ಹೆರಿಗೆ ಮುಗಿದು ಮಗುವಿನ ಸ್ಥಿತಿ ತಿಳಿಯುವವರೆಗೂ ಹಿಂಬಾಲಿಸಬೇಕು. ಮನೆಮನೆ ಸುತ್ತುವ ದಾದಿ, ಬರೆದಿಡುವ ರಿಜಿಸ್ಟರು, ಹಳ್ಳಿಯವರ ನಂಬಿಕೆ ಇವೆಲ್ಲ ರಾತ್ರೋರಾತ್ರಿ ಹುಟ್ಟುವುದಿಲ್ಲ. ಒಮ್ಮೆ ಚದುರಿದ ತಂಡವನ್ನು ಮತ್ತೆ ಕಟ್ಟುವುದು ಕಷ್ಟ. ಹೊಣೆ ಒಪ್ಪಿಸಲು ಸಮಯವನ್ನೇ ಕೊಡದೆ ನಾಯಕತ್ವ ಬದಲಿಸಿದರೆ ಪೆಟ್ಟು ಬೀಳುವುದು ಇಂಥ ಕೆಲಸಕ್ಕೆ.

ನಮಗೂ ಇದರಲ್ಲಿ ಪಾಠವಿದೆ. ಬೆಳಗಾವಿಯ ಅಧ್ಯಯನದ ಫಲ ಪಡೆಯುವವರು ಬೆಳಗಾವಿಯವರು ಮಾತ್ರವಲ್ಲ, ಜತ್ತ, ಅಕ್ಕಲಕೋಟೆಯ ತಾಯಂದಿರೂ ಹೌದು. ಅಂಥ ಕೆಲಸ ಬೇರೆ ದೇಶದ ರಾಜಧಾನಿಯ ಒಂದು ಸುತ್ತೋಲೆಯಿಂದ ಅಲುಗಾಡುವಂತೆ ಇರಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳು ದೀರ್ಘಾವಧಿಯ ಹಣ ಕೊಟ್ಟು ಇಂಥ ಕೇಂದ್ರಗಳನ್ನು ಉಳಿಸಿಕೊಳ್ಳಬೇಕು. ಹೊರಗಿನ ನೆರವು ಬಂದರೆ ಬರಲಿ. ನಮ್ಮ ಮಕ್ಕಳ ಲೆಕ್ಕ ಇಡುವ ರಿಜಿಸ್ಟರು ಮಾತ್ರ ನಮ್ಮ ಖರ್ಚಿನಲ್ಲೇ ನಡೆಯಲಿ.