ಭಾನುವಾರ ಬಿಟ್ಟ ಕುಡಿತ: ಸೋಮವಾರ ಕೈ ಹಿಡಿಯೋರು ಯಾರು?

ಚಿಟಗುಪ್ಪ: ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಒಬ್ಬ ಎದ್ದು ನಿಂತು 'ಕುಡೀತಿದ್ದೆ, ದೇವರು ಬಿಡಿಸ್ಯಾನ' ಅಂದರೆ ಇಡೀ ಸಭೆ ಆಮೆನ್ ಅನ್ನುತ್ತೆ. ಹಿಂದೆ ಕೂತ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಅಲ್ಲಿವರೆಗೆ ಎಲ್ಲಾ ಸರಿ. ಸೋಮವಾರ ಸಂಜೆ ಕೂಲಿ ರೊಕ್ಕ ಕೈಗೆ ಬರುತ್ತೆ, ಗೆಳೆಯರು ಕರೀತಾರೆ. ನಿಜವಾದ ಪರೀಕ್ಷೆ ಆಗ.

ಬೀದರ್ ಜಿಲ್ಲೆಗೆ ಮೆಥೋಡಿಸ್ಟ್ ಸಭೆ ಬಂದು ನೂರು ವರ್ಷದ ಮೇಲಾಯಿತು. ಈ ಸಭೆಗೂ ಕುಡಿತಕ್ಕೂ ಹಳೇ ಜಗಳ. ಸಭೆ ಶುರು ಮಾಡಿದ ಜಾನ್ ವೆಸ್ಲಿ 1743ರಲ್ಲೇ ಸಾರಾಯಿ ಕುಡಿಯೋದಷ್ಟೇ ಅಲ್ಲ, ಮಾರೋದು ಕೊಳ್ಳೋದೂ ತಪ್ಪು ಅಂತ ನಿಯಮ ಮಾಡಿದ್ದರು. ಪ್ರಭು ಭೋಜನದ ಬಟ್ಟಲಿಗೆ ಹುಳಿ ಬಾರದ ದ್ರಾಕ್ಷಿ ರಸ ತಯಾರಿಸಿದ್ದೂ 1869ರಲ್ಲಿ ಅಮೆರಿಕದ ಮೆಥೋಡಿಸ್ಟ್ ಒಬ್ಬರೇ, ಥಾಮಸ್ ವೆಲ್ಚ್.

ಆದರೆ ಇವತ್ತು ಹೆಚ್ಚು ಕೆಲಸಕ್ಕೆ ಬರೋದು ವೆಸ್ಲಿಯವರ ಇನ್ನೊಂದು ಪದ್ಧತಿ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಒಬ್ಬೊಬ್ಬ ಮುಖಂಡ ವಾರಕ್ಕೊಂದು ಪೆನ್ನಿ ವಸೂಲಿ ಮಾಡಬೇಕು ಅಂತಾಯಿತು. ಮನೆ ಮನೆಗೆ ಹೋದವರಿಗೆ ಯಾರು ಕುಡೀತಿದ್ದಾರೆ, ಯಾರ ಮನೇಲಿ ಜಗಳ ಅಂತ ಗೊತ್ತಾಗತೊಡಗಿತು. ವಸೂಲಿ ಗುಂಪೇ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಗುಂಪಾಯಿತು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಒಂದು ಕ್ರೈಸ್ತ ಗುಂಪಿನಿಂದ ಕಲಿತು ಬೆಳೆದದ್ದೇ. ದೊಡ್ಡ ಸಭೆ ಬೇಡ, ವಾರ ವಾರ ಸೇರುವ ನಾಲ್ಕು ಮಂದಿ ಸಾಕು ಅನ್ನೋದು ಎರಡರಲ್ಲೂ ಒಂದೇ.

ಇಲ್ಲೊಂದು ಅಪಾಯವೂ ಇದೆ, ಇದನ್ನ ಯಾರೂ ವೇದಿಕೆ ಮೇಲೆ ಹೇಳಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಇಲ್ಲದ್ದು ಕಾಣುತ್ತೆ, ಕೇಳುತ್ತೆ. ಮನೆಯವರು 'ದೆವ್ವ ಬಡಿದದ' ಅಂತ ತಿಳಿದು ಮತ್ತೆ ಪ್ರಾರ್ಥನೆಗೆ ಕೂರಿಸ್ತಾರೆ. ಅದು ದೆವ್ವ ಅಲ್ಲ, ಮದ್ಯ ನಿಂತ ಮೆದುಳಿನ ಹೊಯ್ದಾಟ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಅಂಥವನನ್ನ ಮೂರು ದಿನದ ಉಪವಾಸ ಪ್ರಾರ್ಥನೆಗೆ ಕೂರಿಸೋ ಮುಂಚೆ ವೈದ್ಯರ ಹತ್ತಿರ ಕರೆದೊಯ್ಯಬೇಕು. ಪಾಸ್ಟರ್ ಒಬ್ಬರು 'ತಮ್ಮಾ, ಮೊದಲು ದವಾಖಾನಿಗೆ ನಡಿ, ಪ್ರಾರ್ಥನೆ ಅಲ್ಲೇ ಮಾಡೋಣ' ಅಂದರೆ ನಂಬಿಕೆ ಏನೂ ಕಮ್ಮಿ ಆಗಲ್ಲ.

ಗಡಿ ತಾಲೂಕಿಗೆ ಇದು ಇನ್ನೂ ಬಿಗಿ. ತೆಲಂಗಾಣದ ಸೇಂದಿಯಲ್ಲಿ ಆಲ್ಪ್ರಜೋಲಮ್ ಥರದ ನಿದ್ದೆ ಔಷಧ ಬೆರೆಸಿದ ಪ್ರಕರಣ ಮತ್ತೆ ಮತ್ತೆ ಬಯಲಾಗಿವೆ. 2015ರಲ್ಲಿ ಅಲ್ಲಿ ಕಲಬೆರಕೆ ತಡೆದಾಗ, ಚಟ ಹತ್ತಿದವರು ನಡುಕ, ಭ್ರಮೆಯಿಂದ ಆಸ್ಪತ್ರೆ ಸೇರಿದ್ದರು. ನಮ್ಮ ಕಡೆ ಸಾರಾಯಿ 2007ರ ಜುಲೈ 1ರಿಂದ ಬಂದ್. ಕುಡಿತ ಮಾತ್ರ ಬಂದ್ ಆಗಲಿಲ್ಲ, ಪಾಕೀಟು ಬಂತು. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ಸರ್ಕಾರ ಕುಡಿತ ಬಿಡಿಸುತ್ತೆ ಅಂತ ಕಾಯೋದೂ ಅಷ್ಟರಲ್ಲೇ ಇದೆ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗಷ್ಟೇ ಏನಾದರೂ ಚಿಕಿತ್ಸೆ ಸಿಗುತ್ತೆ. ಉಳಿದ 37 ಮಂದಿ ಎಲ್ಲಿ? ಕೆಲವರು ದರ್ಗಾಕ್ಕೆ, ಕೆಲವರು ಮಠಕ್ಕೆ, ಕೆಲವರು ಚರ್ಚಿಗೆ. ಇಳಕಲ್ಲಿನ ಮಹಾಂತ ಶ್ರೀಗಳು ಜೋಳಿಗೆ ಹಿಡಿದು ಚಟಗಳನ್ನ ಭಿಕ್ಷೆ ಬೇಡಿದ್ದರು. ಕಲ್ಯಾಣದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯನೇ ಶರಣನಾದ ನೆಲ ಇದು.

ಈಗ ಕಷ್ಟ ಇರೋದು ಅನುಮಾನದಲ್ಲಿ. ಬೇರೆ ಮನೆಯ ಕುಡುಕನನ್ನ ಪ್ರಾರ್ಥನೆಗೆ ಕರೆದರೆ ಮತಾಂತರ ಅಂತ ಸುದ್ದಿ ಹಬ್ಬುತ್ತೆ. 2022ರ ಕಾಯ್ದೆ ಬಂದ ಮೇಲೆ ಆ ಭಯ ಹೆಚ್ಚಾಯಿತು. 2023ರ ಜೂನ್‌ನಲ್ಲಿ ಸಂಪುಟ ಅದನ್ನ ರದ್ದು ಮಾಡಲು ತೀರ್ಮಾನಿಸಿದರೂ ಭಯ ಪೂರ್ತಿ ಹೋಗಿಲ್ಲ. ಅನುಮಾನ ತಪ್ಪಿಸಲು ಆಲ್ಕೊಹಾಲಿಕ್ಸ್ ಅನಾನಿಮಸ್ ದಾರಿ ಇದೆ: ದೇವರು ಯಾರು ಅನ್ನೋದು ಅವರವರಿಗೆ ಬಿಟ್ಟದ್ದು, ಹೆಸರು ಹೊರಗೆ ಹೇಳಲ್ಲ, ರೊಕ್ಕ ಕೇಳಲ್ಲ. ಚರ್ಚ್ ಕೊಡಬೇಕಾದ್ದು ಒಂದು ಕೋಣೆ, ನಾಲ್ಕು ಕುರ್ಚಿ. ಮುಸ್ಲಿಮ್ ಆಗಲಿ, ಲಿಂಗಾಯತ ಆಗಲಿ, ಬಂದು ಕೂತು ಎದ್ದು ಹೋಗಬಹುದು.

ಹೆಂಡತಿಯರ ಮಾತೂ ಇದೆ. ಗಂಡ ಬಿಟ್ಟನೋ ಇಲ್ಲವೋ ಅಂತ ಮೊದಲು ಗೊತ್ತಾಗೋದು ಅವರಿಗೇ. ಚರ್ಚಿನ ಮಹಿಳಾ ಕೂಟಗಳು ಇದನ್ನ ಹಾಡು, ಪ್ರಾರ್ಥನೆಯ ನಡುವೆ ಹತ್ತು ನಿಮಿಷ ಕೇಳಿದರೂ ಸಾಕು. ಮತ್ತೆ ಕುಡಿದವನನ್ನ 'ಪಾಪಿ' ಅಂತ ಸಭೆಯಿಂದ ದೂರ ಇಟ್ಟರೆ ಆತ ವಾಪಸ್ ಬರೋದು ಬಾರ್‌ಗೆ. ಬಿಡೋ ದಾರೀಲಿ ಒಂದೆರಡು ಸಲ ಜಾರೋದು ಸಾಮಾನ್ಯ ಅಂತ ವೈದ್ಯರೇ ಹೇಳ್ತಾರೆ.

ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರಬೇಕೆಂಬ ವ್ಯವಸ್ಥೆ ಇದೆ. ಫೋನ್‌ನಲ್ಲಿ ಸಲಹೆ ಬೇಕಂದ್ರೆ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡಕ್ಕೂ ರೊಕ್ಕ ಬೀಳಲ್ಲ. ಈ ನಂಬರ್‌ಗಳನ್ನ ಭಾನುವಾರದ ಪ್ರಕಟಣೆಯಲ್ಲಿ, ಮದುವೆ ಪ್ರಕಟಣೆ ಓದುವ ಹೊತ್ತಲ್ಲೇ ಒಂದು ಸಲ ಓದಿ ಹೇಳಬಹುದು.